ಕಲೆಕ್ಟರ್ ಪರೀಕ್ಷೆಗೆ ಹೆಚ್ಚಾದ ಹೆಂಡತಿ

ಕಲ್ಯಾಣದುರ್ಗದ ಹಂಪಮ್ಮನ ಮದುವೆ ಸರ್ಕಾರದ ಗಡಿ ದಾಟಿ ಆದದ್ದು. ಆಗ ಅವಳಿಗೆ ಹದಿಮೂರು ವರ್ಷ, ಹಿಂದೂಪುರದ ಹುಡುಗ ಮರುಳಪ್ಪನಿಗೆ ಹದಿನೈದು. ಮದರಾಸು ಸೀಮೆಯಲ್ಲಿ ಅಷ್ಟು ಚಿಕ್ಕವರಿಗೆ ಧಾರೆ ಎರೆದರೆ ಶಾರದಾ ಕಾಯಿದೆಯ ಪ್ರಕಾರ ಹೆತ್ತವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತಿತ್ತು. ಮೈಸೂರು ಮಹಾರಾಜರ ಸೀಮೆಯಲ್ಲಿ ಆ ಕಾಯಿದೆ ನಡೆಯುತ್ತಿರಲಿಲ್ಲ. ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ನಡುವೆ ಮೈಸೂರಿಗೆ ಸೇರಿದ ಪಾವಗಡ ತಾಲ್ಲೂಕು ಇಂಥವರ ಅನುಕೂಲಕ್ಕೇ ಇಟ್ಟಂತೆ ಇತ್ತು. ಎರಡೂ ಕಡೆಯ ಬೀಗರು ಗಾಡಿ ಕಟ್ಟಿಕೊಂಡು ಅಲ್ಲಿಯ ಒಂದು ಹಳ್ಳಿಗೆ ಹೋದರು. ತಾಳಿ ಕಟ್ಟಿಸಿ, ಊಟ ಮುಗಿಸಿ, ಸಂಜೆಯೊಳಗೆ ಮತ್ತೆ ಮದರಾಸು ಸರ್ಕಾರದ ನೆಟ್ಟಗಿನ ಪ್ರಜೆಗಳಾಗಿ ಮನೆ ಸೇರಿದರು.

ಗಂಡಿನ ತಂದೆ ಕರಿಸಿದ್ದಪ್ಪ ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದ. ಹಂಪಮ್ಮನ ತಂದೆ ಬದುಕಿದ್ದಾಗ ಹುಣಸೆ ತೋಪುಗಳನ್ನು ಗುತ್ತಿಗೆ ಹಿಡಿದು ಅವನ ಮಂಡಿಗೆ ಹಣ್ಣು ಕಳಿಸುತ್ತಿದ್ದ. ವ್ಯಾಪಾರದ ಗೆಳೆತನ ನೆಂಟಸ್ತನವಾಯಿತು. ಮೈನೆರೆದ ಮೇಲೆ ಹಂಪಮ್ಮ ಹಿಂದೂಪುರಕ್ಕೆ ಬಂದಳು. ಗಂಡ ಮಾತ್ರ ಅಲ್ಲಿರಲಿಲ್ಲ. ಅವನು ಅನಂತಪುರದ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದ. ರಜಕ್ಕೆ ಬಂದಾಗಲೂ ಮಾಳಿಗೆಯ ಮೇಲೆ ಪುಸ್ತಕ ಹಿಡಿದು ಕೂತಿರುತ್ತಿದ್ದ. ಊಟಕ್ಕೆ ಕರೆಯಲು ಹೋದರೆ ಹಾಳೆ ತಿರುವಿ, 'ಬತ್ತೀನಿ' ಅನ್ನುತ್ತಿದ್ದ. ಹಂಪಮ್ಮ ಹಿತ್ತಲಲ್ಲಿ ಕೂಲಿ ಹೆಂಗಸರ ಜೊತೆ ಹುಣಸೆ ಬಡಿದು, ನಾರು ಎಳೆದು, ಬೀಜ ತೆಗೆಯುತ್ತಿದ್ದಳು. ಅತ್ತೆ ಇಲ್ಲದ ಮನೆ. ಅಡುಗೆಯೂ ಅವಳದೇ. ಸೊಸೆ ಬಂದ ಮೇಲೆ ಹಣ್ಣಿನಲ್ಲಿ ಬೀಜ ಉಳಿಯುತ್ತಿಲ್ಲ ಎಂದು ಕರಿಸಿದ್ದಪ್ಪ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಅವನು ಕೆಟ್ಟವನಲ್ಲ. ಮಗ ಕಲೆಕ್ಟರ್ ಆಗಬೇಕೆಂಬ ಒಂದು ಆಸೆ ಅವನನ್ನು ಹಿಡಿದಿತ್ತು, ಅಷ್ಟೆ.

ಆ ಆಸೆ ಹುಟ್ಟಿದ್ದು ಯುದ್ಧದ ಕಾಲದಲ್ಲಿ. ದಾಸ್ತಾನು ನೋಡಲು ತಹಸೀಲ್ದಾರ ಮಂಡಿಗೆ ಬಂದಿದ್ದ. ಬಂದವನು ಕರಿಸಿದ್ದಪ್ಪನ ಗಾದಿಯ ಮೇಲೆ ಕೂತ. ಕರಿಸಿದ್ದಪ್ಪ ತನ್ನ ಮಂಡಿಯಲ್ಲೇ ಕೈಕಟ್ಟಿ ನಿಂತ. ಅಷ್ಟರಲ್ಲಿ ಆ ದಾರಿಯಾಗಿ ಕಲೆಕ್ಟರರ ಕಾರು ಬಂತು. ತಹಸೀಲ್ದಾರ ಗಾದಿಯಿಂದ ಎದ್ದು, ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗೆ ಓಡಿದ. ಕರಿಸಿದ್ದಪ್ಪ ಆ ಬಿಟ್ಟ ಚಪ್ಪಲಿಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದನಂತೆ. ಅಲ್ಲಿಂದ ಮುಂದೆ ಮಗನಿಗೆ ಮಂಡಿಯ ತಕ್ಕಡಿ ಮುಟ್ಟಲು ಬಿಡಲಿಲ್ಲ.

ಮರುಳಪ್ಪ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಹಂಪಮ್ಮನ ತಾಯಿಗೆ ಕಾಯಿಲೆಯಾಯಿತು. ನೋಡಿಕೊಳ್ಳಲು ಅವಳು ಕಲ್ಯಾಣದುರ್ಗಕ್ಕೆ ಹೋದಳು. ತಾಯಿ ಚೇತರಿಸಿಕೊಂಡಳು. ಕರೆದುಕೊಂಡು ಹೋಗಲು ಮಾತ್ರ ಯಾರೂ ಬರಲಿಲ್ಲ. ಮೊದಲು ಪರೀಕ್ಷೆ ಅಂದರು, ಆಮೇಲೆ ಸುಗ್ಗಿ ಅಂದರು, ಆಮೇಲೆ ಏನೂ ಅನ್ನಲಿಲ್ಲ. ಸುಮ್ಮನೆ ಕೂತು ತಿನ್ನುವುದು ಹಂಪಮ್ಮನಿಗೆ ಗೊತ್ತಿರಲಿಲ್ಲ. ಮುತ್ಯಾಲಪ್ಪ ಎಂಬ ತೆಲುಗು ವರ್ತಕನ ಅಂಗಳದಲ್ಲಿ ಕಡಲೆಕಾಯಿ ಸುಲಿಯಲು ಹೋಗತೊಡಗಿದಳು. ಹಿಡಿಯಷ್ಟು ಕಾಯಿ ಕೈಗೆತ್ತಿಕೊಂಡರೆ ಜೊಳ್ಳೆಷ್ಟು, ಗಟ್ಟಿಯೆಷ್ಟು ಎಂದು ಹೇಳುತ್ತಿದ್ದಳು. ಹೆಂಗಸರು ಅವಳ ಮಾತು ಕೇಳುತ್ತಿದ್ದರು. ಮುತ್ಯಾಲಪ್ಪ ಅಂಗಳದ ಮೇಲ್ವಿಚಾರಣೆಯನ್ನು ಅವಳಿಗೇ ಬಿಟ್ಟ.

ಗಂಡನಿಗೆ ಇನ್ನೊಂದು ಮದುವೆಯಾದ ಸುದ್ದಿ ಅವಳಿಗೆ ಆ ಅಂಗಳದಲ್ಲೇ ಮುಟ್ಟಿತು. ಹಿಂದೂಪುರಕ್ಕೆ ಹೋಗಿಬಂದ ಗಾಡಿಯವನೊಬ್ಬ, ಅವಳಿಗೆ ಗೊತ್ತೇ ಇದೆಯೆಂದು ತಿಳಿದು, ಊಟದಲ್ಲಿ ಬಡಿಸಿದ್ದ ಫೇಣಿಯ ಗುಣಗಾನ ಮಾಡಿದ. ಹುಡುಗಿ ಸರ್ವಮಂಗಳಮ್ಮ, ಬಸ್ಸು ಓಡಿಸುತ್ತಿದ್ದ ಸಾಹುಕಾರ ತಿಪ್ಪೇರುದ್ರಪ್ಪನ ಒಬ್ಬಳೇ ಮಗಳು. ಥರ್ಡ್ ಫಾರಂವರೆಗೆ ಓದಿದವಳು. ಅಳಿಯನನ್ನು ಮದರಾಸಿನಲ್ಲಿಟ್ಟು ದೊಡ್ಡ ಪರೀಕ್ಷೆಗೆ ಓದಿಸುತ್ತೇನೆಂದು ತಿಪ್ಪೇರುದ್ರಪ್ಪ ಮಾತು ಕೊಟ್ಟಿದ್ದ. ನಾಳೆ ಕಲೆಕ್ಟರ್ ಆಗುವವನ ಮನೆಗೆ ನಾಲ್ಕಕ್ಷರ ಬಲ್ಲವಳು ಬೇಕೆಂದು ಕರಿಸಿದ್ದಪ್ಪನಿಗೂ ಅನ್ನಿಸಿತ್ತು. ಹಾಗೆಂದು ಹಂಪಮ್ಮನನ್ನು ಬಿಟ್ಟೆವೆಂದು ಯಾರೂ ಹೇಳಲಿಲ್ಲ. ಅವಳು ಇರಲಿ, ಇವಳೂ ಬರಲಿ ಎನ್ನುವ ಧಾರಾಳ ಅವರದು.

ಹಂಪಮ್ಮ ಆ ದಿನ ಗಾಡಿಯವನಿಗೆ ನೀರು ಕೊಟ್ಟಳು, ಮೂಟೆ ಇಳಿಸಿಕೊಂಡಳು, ಜೊಳ್ಳು ಹೆಚ್ಚಿದ್ದ ಒಂದು ಮೂಟೆಯನ್ನು ವಾಪಸು ಕಳಿಸಿದಳು. ಮನೆಗೆ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತವಳು ಮುದ್ದೆಯನ್ನು ಮುರಿದು ಹಾಗೇ ಇಟ್ಟಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡದ್ದಕ್ಕಿಂತ ತನಗೆ ಒಂದು ಮಾತು ಹೇಳಲಿಲ್ಲವಲ್ಲ ಎಂಬುದೇ ಅವಳನ್ನು ಚುಚ್ಚಿದ್ದು. ತಾಯಿ ಹಿಂದೂಪುರದವರಿಗೆಲ್ಲ ಶಾಪ ಹಾಕಿದಳು. ಹಂಪಮ್ಮ ತಟ್ಟೆಗೆ ಕೈ ತೊಳೆದು ಎದ್ದಳು.

ಮಾರನೆಯ ವರ್ಷ ಮದರಾಸು ಸರ್ಕಾರ ಹೆಂಡತಿಯಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದನ್ನು ಕಾಯಿದೆ ಮಾಡಿ ನಿಲ್ಲಿಸಿತು. ಮುಂಚೆಯೇ ಮುಗಿಸಿಕೊಂಡ ತನ್ನ ದೂರದೃಷ್ಟಿಯನ್ನು ಕರಿಸಿದ್ದಪ್ಪ ಮಂಡಿಯಲ್ಲಿ ಕೂತು ತಾನೇ ಮೆಚ್ಚಿಕೊಂಡ.

ಆ ಮೆಚ್ಚುಗೆ ಬಹಳ ದಿನ ಉಳಿಯಲಿಲ್ಲ. ದಿಲ್ಲಿಯಿಂದ ಕಲೆಕ್ಟರ್ ಪರೀಕ್ಷೆಯ ನಿಯಮಗಳು ಬಂದವು. ಹಿಂದೂಪುರದ ವಕೀಲ ಶಂಕರಯ್ಯನವರ ಮನೆಯ ಜಗಲಿಯಲ್ಲಿ ಕರಿಸಿದ್ದಪ್ಪ, ತಿಪ್ಪೇರುದ್ರಪ್ಪ, ಮರುಳಪ್ಪ ಮೂವರೂ ಕೂತರು. ಶಂಕರಯ್ಯ ಒಂದೊಂದೇ ನಿಯಮವನ್ನು ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ಅಭ್ಯರ್ಥಿ ಭಾರತದ ಪ್ರಜೆಯಾಗಿರಬೇಕು. ಹುಟ್ಟಿದ್ದು ಹಿಂದೂಪುರದಲ್ಲೇ, ತೊಂದರೆಯಿಲ್ಲ. ಪದವಿ ಇರಬೇಕು. ಇದೆ. ವಯಸ್ಸು ಇಪ್ಪತ್ತೊಂದಕ್ಕೆ ಕಡಿಮೆ ಇರಬಾರದು, ಇಪ್ಪತ್ನಾಲ್ಕು ತುಂಬಿರಬಾರದು. ಮರುಳಪ್ಪ ಓದು ಸಾಲದೆಂದು ಎರಡು ವರ್ಷ ಮುಂದೂಡಿದ್ದ. ಈಗ ಉಳಿದದ್ದು ಒಂದೇ ಅವಕಾಶ. ದೇಹ ಗಟ್ಟಿಯಾಗಿರಬೇಕು. ಹುಳುಕು ಹಲ್ಲೊಂದು ಬಿಟ್ಟರೆ ಗಟ್ಟಿಯೇ. ನಡತೆ ಒಳ್ಳೆಯದಿರಬೇಕು. ಅದಕ್ಕೆ ಕಾಲೇಜಿನವರು ಬರೆದುಕೊಟ್ಟಿದ್ದರು.

ಮುಂದಿನದನ್ನು ಶಂಕರಯ್ಯ ಮನಸ್ಸಿನಲ್ಲೇ ಒಮ್ಮೆ ಓದಿಕೊಂಡು ಕನ್ನಡಕ ತೆಗೆದರು. ಬದುಕಿರುವ ಹೆಂಡತಿಯರು ಒಬ್ಬರಿಗಿಂತ ಹೆಚ್ಚು ಇರುವವರಿಗೆ ಕೆಲಸ ಕೊಡುವುದಿಲ್ಲ.

ವಿಶೇಷ ಕಾರಣವಿದ್ದರೆ ಸರ್ಕಾರ ವಿನಾಯಿತಿ ಕೊಡಬಹುದು ಎಂದೂ ಬರೆದಿತ್ತು. ಅದನ್ನೇ ಹಿಡಿಯಿರಿ ಅಂದ ಕರಿಸಿದ್ದಪ್ಪ. ವಿಶೇಷ ಕಾರಣ ಏನೆಂದು ಬರೆಯಲಿ ಎಂದು ಶಂಕರಯ್ಯ ಕೇಳಿದರು. ಮೊದಲನೆಯವಳು ಹುಣಸೆ ಬಿಡಿಸುವುದರಲ್ಲಿ ಗಟ್ಟಿಗಿತ್ತಿ, ಎರಡನೆಯವಳು ಓದಿದವಳು. ಇದಕ್ಕಿಂತ ವಿಶೇಷ ಕಾರಣ ಕರಿಸಿದ್ದಪ್ಪನಿಗೆ ಹೊಳೆಯಲಿಲ್ಲ. ಮರುಳಪ್ಪನನ್ನು ಕೇಳಿದಾಗ, ತತ್ತ್ವದ ದೃಷ್ಟಿಯಿಂದ ಈ ನಿಯಮ ಬಹಳ ಒಳ್ಳೆಯದು, ಸಮಾಜ ಮುಂದುವರಿಯಬೇಕಾದರೆ ಇಂಥದು ಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದ.

ಇಬ್ಬರಲ್ಲಿ ಒಬ್ಬರನ್ನು ಕಳೆಯಬೇಕು. ಯಾರನ್ನು ಎಂಬ ಮಾತು ಅಲ್ಲಿ ಬರಲೇ ಇಲ್ಲ, ಏಕೆಂದರೆ ಒಬ್ಬಳ ಅಪ್ಪ ಅಲ್ಲೇ ಕೂತಿದ್ದ.

ಹಾಗೆ ಕರಿಸಿದ್ದಪ್ಪ, ಸೊಸೆಯನ್ನು ಕಳಿಸಿದ ಎಷ್ಟೋ ಕಾಲದ ಮೇಲೆ, ತಿಪ್ಪೇರುದ್ರಪ್ಪನ ಬಸ್ಸಿನಲ್ಲೇ ಹೊರಟು ಕಲ್ಯಾಣದುರ್ಗಕ್ಕೆ ಬಂದ. ಸೀರೆ, ಬಾಳೆಹಣ್ಣು, ಬೀಗಿತ್ತಿಗೆ ಎಲೆಅಡಿಕೆ ತಂದಿದ್ದ. ಹಂಪಮ್ಮ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಮಜ್ಜಿಗೆ ತಂದಿಟ್ಟಳು. ಅವನು ಮಳೆಯ ಮಾತಾಡಿದ, ಹುಣಸೆ ಹೂವಿನ ಮಾತಾಡಿದ, ಕೊನೆಗೆ ದಿಲ್ಲಿಯ ಮಾತೆತ್ತಿದ. ದಿಲ್ಲಿಯವರು ಹೀಗೆ ಅನ್ನುತ್ತಾರೆ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದ.

"ಎಷ್ಟು ಜನ ಇರ್ಬೋದಂತೆ ಮಾವ?" ಎಂದು ಹಂಪಮ್ಮ ಕೇಳಿದಳು.

"ಒಬ್ಬಳೇ ಕಣಮ್ಮ."

"ಹಂಗಾದ್ರೆ ನಾನು ಇದೀನಲ್ಲ. ಮೊದ್ಲು ಬಂದೋಳು ನಾನೇ."

ಕರಿಸಿದ್ದಪ್ಪ ಮಜ್ಜಿಗೆಯ ಲೋಟವನ್ನು ನೋಡಿದ. ನಿಧಾನವಾಗಿ, ಶಂಕರಯ್ಯ ಹೇಳಿಕೊಟ್ಟ ಉಪಾಯ ಹೇಳಿದ. ಮದುವೆ ಆದದ್ದು ಬೇರೆ ಸೀಮೆಯಲ್ಲಿ. ಇಬ್ಬರೂ ಮಕ್ಕಳು. ಇಲ್ಲಿಯ ಸರ್ಕಾರದ ಕಣ್ಣಿಗೆ ಬೀಳದ ಹಾಗೆ ಮಾಡಿದ್ದು. ಆದ್ದರಿಂದ ಅಂಥ ಮದುವೆಯೇ ಆಗಿಲ್ಲವೆಂದು ಹಂಪಮ್ಮ ಒಂದು ಸಹಿ, ಬೇಡ, ಹೆಬ್ಬೆಟ್ಟು ಒತ್ತಿದರೆ ಸಾಕು. ಒಂದು ಕಾಯಿದೆಯಿಂದ ತಪ್ಪಿಸಿಕೊಳ್ಳಲು ಗಡಿಯಾಚೆ ಒಯ್ದಿದ್ದ ಮದುವೆಯನ್ನು ಈಗ ಇನ್ನೊಂದು ಕಾಯಿದೆಗೆ ಹೆದರಿ ಅಲ್ಲೇ ಬಿಟ್ಟುಬರುವುದು ಅವರ ಯೋಚನೆ.

ಒಳಗಿದ್ದ ತಾಯಿ ಎದ್ದು ಬಂದು ಬೀಗನಿಗೆ ಆಡಬಾರದ್ದನ್ನೆಲ್ಲ ಆಡಿದಳು. ಮಗಳು ಎರಡು ವರ್ಷ ಯಾರ ಮನೆಯಲ್ಲಿ ಅಡುಗೆ ಮಾಡಿದಳು, ಯಾವ ಹಕ್ಕಿನಿಂದ ಮಾಡಿದಳು ಎಂದು ಕೇಳಿದಳು. ಕರಿಸಿದ್ದಪ್ಪ ತಲೆ ತಗ್ಗಿಸಿದ. ಅವನ ಮೋರೆ ನೋಡಿ ಹಂಪಮ್ಮನಿಗೆ ಸಿಟ್ಟಿಗಿಂತ ಹೆಚ್ಚಾಗಿ ಬೇಸರವಾಯಿತು. ತಾಯಿಯನ್ನು ಒಳಗೆ ಕಳಿಸಿ, ಯೋಚನೆ ಮಾಡಿ ಹೇಳುತ್ತೇನೆಂದಳು. ಸೀರೆಯನ್ನು ಮುಟ್ಟಲಿಲ್ಲ.

ಅವಳ ಉತ್ತರ ಹೋಗುವ ಮೊದಲೇ ಇನ್ನೊಬ್ಬರು ಬಂದರು. ಒಂದು ಮಧ್ಯಾಹ್ನ ಮುತ್ಯಾಲಪ್ಪನ ಅಂಗಳದ ಮುಂದೆ ಬಸ್ಸು ನಿಲ್ಲಿಸಿ, ನುಣುಪಾದ ಸೀರೆಯುಟ್ಟ ಹುಡುಗಿಯೊಬ್ಬಳು ಇಳಿದಳು. ಸುಲಿಯುವ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಮುತ್ಯಾಲಪ್ಪ, "ಏಮ್ಮಾ ಹಂಪಮ್ಮಾ, ನೀ ಕೋಸಮೇ" ಎಂದು, ಬಂದವಳು ಅವಳನ್ನು ಹುಡುಕಿಕೊಂಡೇ ಬಂದಿದ್ದಾಳೆಂದು ತಿಳಿಸಿ ತಾನು ಒಳಗೆ ಸರಿದ. ಅವಳು ಸರ್ವಮಂಗಳಮ್ಮ. ಅಪ್ಪನ ಬಸ್ಸು, ಕೇಳುವವರಿಲ್ಲ. ತವರಿಗೆ ಹೋಗುತ್ತೇನೆಂದು ಹೇಳಿ ಬಂದುಬಿಟ್ಟಿದ್ದಳು.

ಇಬ್ಬರೂ ಕಡಲೆಕಾಯಿ ರಾಶಿಯ ಪಕ್ಕ ಕೂತರು. ಏನು ಮಾತಾಡಬೇಕೆಂದು ಹೊಳೆಯದೆ ಸರ್ವಮಂಗಳಮ್ಮ ಒಂದು ಕಾಯಿ ತೆಗೆದುಕೊಂಡು ಸುಲಿಯಲು ನೋಡಿದಳು. ಉಗುರು ನೊಂದಿತು. ಹಂಪಮ್ಮ ಹೇಗೆ ಒತ್ತಬೇಕೆಂದು ತೋರಿಸಿಕೊಟ್ಟಳು. ಹುಡುಗಿ ಗಂಡನನ್ನು ಬಿಟ್ಟುಕೊಡು ಎಂದು ಕೇಳಿಕೊಳ್ಳಲು ಬಂದಿದ್ದಾಳೆಂದೇ ಅವಳು ತಿಳಿದಿದ್ದಳು. ಕೇಳಿದ್ದು ಬೇರೆ.

"ನೀನು ಬಿಡಬ್ಯಾಡಕ್ಕ. ನೀನು ಇದ್ರೆ ಅವ್ರಿಗೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ದಿದ್ರೆ ನಾನು ಹಿಂದೂಪುರದಲ್ಲೇ ಇರ್ತೀನಿ."

ಕಲೆಕ್ಟರನ ಹೆಂಡತಿಯೆಂದರೆ ವರ್ಷಕ್ಕೊಂದು ಊರು, ಗೊತ್ತಿಲ್ಲದ ಭಾಷೆ, ದೊರೆಸಾನಿಯರ ಜೊತೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುವುದು. ತಿಪ್ಪೇರುದ್ರಪ್ಪ ಈಗಿನಿಂದಲೇ ಅವಳಿಗೆ ಇಂಗ್ಲಿಷ್ ಹೇಳಿಕೊಡಲು ಮೇಷ್ಟರನ್ನಿಟ್ಟಿದ್ದ. ಅದನ್ನು ಹೇಳುವಾಗ ಅವಳಿಗೆ ಅಳುವೇ ಬಂತು. ಹಂಪಮ್ಮನಿಗೆ ಅವಳ ಮೇಲೆ ಇದ್ದಿರಬಹುದಾದ ಮುನಿಸು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆದರೂ ನೆಟ್ಟಗೇ ಹೇಳಿದಳು.

"ನಿಂಗೆ ನಿಮ್ಮೂರು ಉಳೀಲಿ ಅಂತ ನಾನು ಹೆಂಡ್ತಿಯಾಗಿ ಕೂತ್ಕೊಂಡಿರ್ಲೇನವ್ವ? ಅಷ್ಟಕ್ಕೂ ಯಾಕೆ ಹೆದರ್ತೀಯ. ನಾನು ಬಿಟ್ರೆ ಆಗ್ಲಿಲ್ಲ, ಆಮೇಲೆ ಅವ್ರು ಪಾಸಾಗ್ಬೇಕಲ್ಲ."

ಸರ್ವಮಂಗಳಮ್ಮನಿಗೆ ಈ ಮಾತು ಅದುವರೆಗೆ ಹೊಳೆದಿರಲಿಲ್ಲ. ಸಂಜೆಯ ಬಸ್ಸು ಹತ್ತುವಾಗ ಅವಳ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಮಡಿಲಲ್ಲಿ ಹುರಿದ ಕಡಲೆಕಾಯಿ ಇತ್ತು.

ಅವಳು ಹೋದ ಮೇಲೆ ಹಂಪಮ್ಮ ತನ್ನ ವಿಷಯ ತಾನು ಯೋಚಿಸಿದಳು. ತಾನು ಯಾರಿಗೆ ಏನಾಗಿದ್ದೇನೆ? ಒಬ್ಬನಿಗೆ ಅಡ್ಡಿ, ಒಬ್ಬಳಿಗೆ ಆಸರೆ. ಎರಡಕ್ಕೂ ತನ್ನ ಹೆಸರು ಸಾಕು, ತಾನು ಬೇಕಾಗಿಲ್ಲ. ಇಷ್ಟು ದಿನ ಕೊರಳಲ್ಲಿದ್ದ ತಾಳಿಯಿಂದ ತನಗೆ ಸಿಕ್ಕದ್ದು ಊರವರ ಕನಿಕರ ಮಾತ್ರ. ಅದು ಅವಳಿಗೆ ಎಂದೂ ಹಿಡಿಸಿರಲಿಲ್ಲ.

ಮುಂದಿನ ಸಲ ಕರಿಸಿದ್ದಪ್ಪ ಬಂದಾಗ ವಕೀಲರನ್ನೂ ಕರೆತಂದಿದ್ದ. ಹಂಪಮ್ಮ ಅವರಿಬ್ಬರ ಎದುರು ಹೇಳಿದಳು:

"ಆಗಿದ್ದನ್ನ ಆಗಿಲ್ಲ ಅಂತ ನಾನು ಹೇಳಲ್ಲ ಸ್ವಾಮಿ. ಆಗಿದ್ದು ಸಾಕು ಅಂತ ಬೇಕಾದ್ರೆ ಹೇಳ್ತೀನಿ."

ಶಂಕರಯ್ಯ ಆ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ, ಅದಕ್ಕೂ ದಾರಿಯಿದೆ ಅಂದರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ, ನನಗೆ ಬಿಡುಗಡೆ ಬೇಕು ಎಂದು ಹೆಂಡತಿಯೇ ಕೋರ್ಟಿಗೆ ಹೋಗಬಹುದು. ಹೊಸ ಕಾಯಿದೆ ಹಾಗೆ ಹೇಳುತ್ತದೆ. ಆದರೆ ಒಂದು ಷರತ್ತು. ಗಂಡಹೆಂಡಿರು ಮಾತಾಡಿಕೊಂಡು ಒಪ್ಪಂದದಿಂದ ಬಂದರೆಂದು ಜಡ್ಜಿಗೆ ಕಂಡರೆ ಅರ್ಜಿ ಬಿದ್ದುಹೋಗುತ್ತದೆ. ಜಗಳವಾಡಿಕೊಂಡೇ ಬರಬೇಕು. ಹಂಪಮ್ಮನಿಗೆ ಬೇರೆ ವಕೀಲನನ್ನು ಮುತ್ಯಾಲಪ್ಪ ಗೊತ್ತುಮಾಡಿಕೊಟ್ಟ.

ಅನಂತಪುರದ ಕೋರ್ಟಿಗೆ ಹೋದ ದಿನ ಎರಡೂ ಕಡೆಯವರು ಬಂದು ಇಳಿದದ್ದು ತಿಪ್ಪೇರುದ್ರಪ್ಪನ ಒಂದೇ ಬಸ್ಸಿನಿಂದ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕರಿಸಿದ್ದಪ್ಪ ಸೊಸೆಗೂ ಬೀಗಿತ್ತಿಗೂ ಒತ್ತಾಯ ಮಾಡಿ ಇಡ್ಲಿ ತಿನ್ನಿಸಿದ. ಕೋರ್ಟಿನ ಗೇಟು ದಾಟಿದ ಕೂಡಲೇ ಎಲ್ಲರೂ ಹಗೆಗಳಾದರು. ಕರಿಸಿದ್ದಪ್ಪ ಮೊಗಸಾಲೆಯ ಆ ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಹಂಪಮ್ಮನ ತಾಯಿಗೆ ಮಾತ್ರ ನಟನೆ ಬೇಕಾಗಿರಲಿಲ್ಲ.

ಮರುಳಪ್ಪ ಒಂದು ಕಂಬದ ಮರೆಯಲ್ಲಿ ಪುಸ್ತಕ ಓದುತ್ತಿದ್ದ. ಹಂಪಮ್ಮ ನೀರು ಕುಡಿಯಲು ಅತ್ತ ಹೋದಾಗ ತಲೆಯೆತ್ತಿ, ಚೆನ್ನಾಗಿದ್ದೀಯಾ ಎಂದು ಕೇಳಿದ. ಚೆನ್ನಾಗಿದ್ದೇನೆ ಅಂದಳು. ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಹೇಳಿದ್ದರೆ ಅದು ತಪ್ಪೊಪ್ಪಿಗೆಯೋ, ಮತ್ತೆ ತತ್ತ್ವವೋ, ಗೊತ್ತಿಲ್ಲ. ಅಷ್ಟರಲ್ಲಿ ಶಂಕರಯ್ಯ ದೂರದಿಂದಲೇ ಕೆಮ್ಮಿ ಎಚ್ಚರಿಸಿದರು, ಅವನು ಪುಸ್ತಕಕ್ಕೆ ಕಣ್ಣಿಳಿಸಿದ. ಅವನ ಕೂದಲು ಆಗಲೇ ನೆತ್ತಿಯಲ್ಲಿ ತೆಳ್ಳಗಾಗಿತ್ತು. ಅದನ್ನು ನೋಡಿದಾಗ ಹಂಪಮ್ಮನಿಗೆ ಪಾಪ ಅನ್ನಿಸಿತು.

ಕಟಕಟೆಯಲ್ಲಿ ಅತ್ತರೆ ಒಳ್ಳೆಯದೆಂದು ಅವಳ ವಕೀಲ ಹೇಳಿಕೊಟ್ಟಿದ್ದ. ಅಳು ಬರಲಿಲ್ಲ. ಜಡ್ಜಿ ತೆಲುಗಿನಲ್ಲಿ ಕೇಳಿದರು, ಅವಳು ತೆಲುಗಿನಲ್ಲೇ ಉತ್ತರ ಕೊಟ್ಟಳು. ಮದುವೆ ಎಲ್ಲಾಯಿತು, ಎಷ್ಟು ವರ್ಷ ಗಂಡನ ಮನೆಯಲ್ಲಿದ್ದೆ, ಎರಡನೆಯ ಮದುವೆ ನಿನಗೆ ಹೇಗೆ ಗೊತ್ತಾಯಿತು. ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಕೊನೆಗೆ ಜಡ್ಜಿ, ಗಂಡನಾಗಲಿ ಅವನ ಕಡೆಯವರಾಗಲಿ ನಿನಗೆ ಹೇಳಿಕೊಟ್ಟು ಈ ಅರ್ಜಿ ಹಾಕಿಸಿದರೇ ಎಂದು ಕೇಳಿದರು.

ಎರಡೂ ಕಡೆಯ ವಕೀಲರು ಒಟ್ಟಿಗೇ ಅವಳ ಕಡೆ ತಿರುಗಿದರು. ಹಂಪಮ್ಮ ಹೇಳಿದಳು. ಅವರು ಬಂದದ್ದು ನಿಜ. ಮದುವೆಯೇ ಆಗಿಲ್ಲವೆಂದು ಹೆಬ್ಬೆಟ್ಟು ಒತ್ತಲು ಕೇಳಿದರು, ನಾನು ಒತ್ತಲಿಲ್ಲ. ಬಿಡುಗಡೆ ಬೇಕೆಂದದ್ದು ನಾನು. ಅದನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

ಜಡ್ಜಿ ಪೆನ್ನು ಕೆಳಗಿಟ್ಟು ಶಂಕರಯ್ಯನವರ ಕಡೆ ನೋಡಿದರು. ಶಂಕರಯ್ಯ ಮೇಲಿನ ಫ್ಯಾನಿನ ಕಡೆ ನೋಡಿದರು. ಆಮೇಲೆ ಒಂದೆರಡು ವಾಯಿದೆಗಳಾದವು, ಬಿಡುಗಡೆಯ ತೀರ್ಪು ಬಂತು. ತೀರ್ಪಿನ ದಿನ ಎಲ್ಲರಿಗಿಂತ ಹೆಚ್ಚು ಅತ್ತವನು ಕರಿಸಿದ್ದಪ್ಪ. ಸಂತೋಷಕ್ಕೆ ಅತ್ತನೋ ದುಃಖಕ್ಕೋ ಅವನಿಗೇ ತಿಳಿದಂತಿರಲಿಲ್ಲ. ಮಂಡಿಯ ಲಕ್ಷ್ಮಿ ಹೋದಳು ಎಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಹೇಳಿದ. ಕಾಫಿಯನ್ನು ಹಂಪಮ್ಮನಿಗೂ ತರಿಸಿದ್ದ.

ಈಗ ಮರುಳಪ್ಪನಿಗೆ ಯಾವ ಕೊರತೆಯೂ ಇರಲಿಲ್ಲ. ಪ್ರಜೆ, ಪದವೀಧರ, ವಯಸ್ಸಿನ ಗೆರೆಯ ಒಳಗೇ ಇದ್ದವನು, ಹುಳುಕು ಹಲ್ಲು ಕೀಳಿಸಿಕೊಂಡವನು, ಒಬ್ಬಳೇ ಹೆಂಡತಿಯ ಗಂಡ. ಅದೇ ವರ್ಷ ಮದರಾಸಿಗೆ ಹೋಗಿ ಪರೀಕ್ಷೆ ಬರೆದ. ಹಿಂತಿರುಗಿದವನು, ಪ್ರಬಂಧದ ಪತ್ರಿಕೆಯಲ್ಲಿ ಏಕಪತ್ನೀತ್ವದ ಮೇಲೆ ಹಾಳೆಗಟ್ಟಲೆ ಬರೆದೆನೆಂದು ಮಂಡಿಗೆ ಬಂದವರಿಗೆ ಹೇಳಿದ. ಪ್ರಶ್ನೆ ಏನಿತ್ತೆಂದು ಶಂಕರಯ್ಯ ಕೇಳಿದ್ದಕ್ಕೆ, ನೀರಾವರಿ ಎಂದನಂತೆ.

ಪಾಸಾದವರ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಅಷ್ಟರಲ್ಲಿ ಇಪ್ಪತ್ನಾಲ್ಕೂ ತುಂಬಿತು. ತಿಪ್ಪೇರುದ್ರಪ್ಪ ಇಂಗ್ಲಿಷ್ ಮೇಷ್ಟರನ್ನು ಬಿಡಿಸಿದ. ಆ ದಿನ ಸರ್ವಮಂಗಳಮ್ಮ ಹೋಳಿಗೆ ಮಾಡಿದಳು. ಯಾಕೆಂದು ಕೇಳಿದ್ದಕ್ಕೆ ಬೇಳೆ ಹಳತಾಗಿತ್ತು ಎಂದಳು. ಮರುಳಪ್ಪ ಮಂಡಿಯಲ್ಲಿ ಕೂತ. ತೂಕ ಹಿಡಿಯಲು ಬಾರದ್ದರಿಂದ ಅವನಿಗೆ ಮೂಟೆಗಳ ಮೇಲೆ ವಿಳಾಸ ಬರೆಯುವ ಕೆಲಸ ಕೊಟ್ಟರು. ವಿಳಾಸಗಳು ಚೆನ್ನಾಗಿರುತ್ತಿದ್ದವು.

ಬೇಸಗೆಯಲ್ಲಿ ಕರಿಸಿದ್ದಪ್ಪ ಮತ್ತೆ ಕಲ್ಯಾಣದುರ್ಗಕ್ಕೆ ಬಂದ. ಈ ಸಲ ಸೀರೆ ತಂದಿರಲಿಲ್ಲ, ಒಂದು ಬುಟ್ಟಿ ಹೊಸ ಹುಣಸೆಹಣ್ಣು ತಂದಿದ್ದ. ಬೀಜ ತೆಗೆದದ್ದು ಸರಿಯಿಲ್ಲವೆಂದು ಹಂಪಮ್ಮ ನೋಡಿದ ಕೂಡಲೇ ಕಂಡುಕೊಂಡಳು. ಅವನು ಮುದುಕನಾಗಿದ್ದ. ಹಿತ್ತಲ ಕೆಲಸ ನೋಡುವವರಿಲ್ಲ, ಮಗ ಕೆಲಸಕ್ಕೆ ಬಾರದವನು, ಚಿಕ್ಕ ಸೊಸೆ ಹುಣಸೆ ಮುಟ್ಟಿದರೆ ಕೈ ಉರಿ ಅನ್ನುತ್ತಾಳೆ ಎಂದೆಲ್ಲ ಹೇಳಿಕೊಂಡ.

"ಪರೀಕ್ಷೆ ಪೀಡೆ ಹೋಯ್ತು ಕಣಮ್ಮ. ಇನ್ನು ಯಾರ ಅಡ್ಡೀನೂ ಇಲ್ಲ. ಬಂದ್ಬುಡು."

ಕೋರ್ಟು, ಕಾಯಿದೆ ಎಂದು ಹಂಪಮ್ಮ ನೆನಪಿಸಿದಳು. ಹೊಸದಾಗಿ ಮದುವೆ ಮಾಡಿದರೆ ತಾನೇ ಕಾಯಿದೆ, ನಿಮ್ಮದು ಆಗಲೇ ಆಗಿದೆಯಲ್ಲ, ಅದೂ ಮೈಸೂರು ಸೀಮೆಯಲ್ಲಿ ಎಂದು ಕರಿಸಿದ್ದಪ್ಪ ಹೇಳಿದ. ಅವನು ತಮಾಷೆಗೆ ಹೇಳಿರಲಿಲ್ಲ. ಹಂಪಮ್ಮನಿಗೆ ನಗು ತಡೆಯಲಾಗಲಿಲ್ಲ. ಬಹಳ ವರ್ಷಗಳ ಮೇಲೆ ಅವಳು ಅಷ್ಟು ನಕ್ಕದ್ದು. ನೋಡುತ್ತ ನೋಡುತ್ತ ಮುದುಕನೂ ನಕ್ಕ.

ನಗು ನಿಂತ ಮೇಲೆ ಅವಳು ಹೇಳಿದಳು. ಕುಂದುರ್ಪಿಯ ಹಾಲಪ್ಪನೆಂಬ ರೈತ ಪ್ರತಿ ವರ್ಷ ಅಂಗಳಕ್ಕೆ ಕಡಲೆಕಾಯಿ ತರುತ್ತಾನೆ. ಹೆಂಡತಿ ಸತ್ತವನು. ಕಾಯಿ ಹಸಿಯೆಂದು ಇವಳು, ಒಣಗಿದೆಯೆಂದು ಅವನು, ವರ್ಷವೂ ಜಗಳ. ಈ ಸಲ ಜಗಳ ಮುಗಿದ ಮೇಲೆ ಅವನು ಮೂಟೆಯ ಮೇಲೆ ಕೂತು, ಉಡಿಕೆಯ ಮರುಮದುವೆ ಮಾಡಿಕೊಳ್ಳೋಣವೇ ಎಂದು ಅವಳನ್ನೇ ಕೇಳಿದ. ತಾಯಿಯನ್ನು ಕೇಳಲಿಲ್ಲ, ಮುತ್ಯಾಲಪ್ಪನನ್ನು ಕೇಳಲಿಲ್ಲ. ಅವಳನ್ನು ಕೇಳಿದ. ಮಠದ ಅಯ್ಯನವರು ಒಪ್ಪಿದ್ದಾರೆ, ಬರುವ ತಿಂಗಳು ಹೋಗುತ್ತೇನೆ ಎಂದಳು.

ಕರಿಸಿದ್ದಪ್ಪ ಹುಣಸೆಯ ಬುಟ್ಟಿಯನ್ನು ಅವಳ ಕಡೆ ಸರಿಸಿದ. ಮನೆಯಲ್ಲಿ ಗಂಡಸರಿಲ್ಲ, ಉಡಿಕೆಗೆ ನಿನ್ನ ಕಡೆ ಹಿರಿಯರಾಗಿ ಯಾರು ನಿಲ್ಲುತ್ತಾರೆಂದು ಕೊನೆಗೆ ಕೇಳಿದ. ಯಾರೂ ಇಲ್ಲ ಅಂದಳು ಹಂಪಮ್ಮ.

"ನಾನು ಬತ್ತೀನಿ ಬಿಡು" ಎಂದ.

ಬಂದ ಕೂಡ. ಹಾಲಪ್ಪನ ಕುರಿಗಳನ್ನು, ಬಾವಿಯನ್ನು, ಮನೆಯ ಮಾಳಿಗೆಯನ್ನು ತವರಿನ ಹಿರಿಯನಂತೆ ನೋಡಿ ಪರವಾಗಿಲ್ಲವೆಂದ. ಹಂಪಮ್ಮ ಕುಂದುರ್ಪಿಯಲ್ಲೇ ನೆಲೆಸಿದಳು. ಸುಗ್ಗಿಯಲ್ಲಿ ಗಂಡನ ಕಾಯಿ ಮುತ್ಯಾಲಪ್ಪನ ಅಂಗಳಕ್ಕೆ ಹೋಗುವ ಮೊದಲು ಅವಳ ಕೈಯಲ್ಲಿ ಹಾದುಹೋಗಬೇಕಾಗಿತ್ತು, ಅರ್ಧಕ್ಕರ್ಧ ಮನೆಯಲ್ಲೇ ತಿರಸ್ಕಾರವಾಗುತ್ತಿತ್ತು. ಮುತ್ಯಾಲಪ್ಪನಾದರೂ ಇಷ್ಟು ಬಿಗಿಯಲ್ಲ ಎಂದು ಹಾಲಪ್ಪ ಗೊಣಗುತ್ತ ಮೂಟೆ ಬಿಚ್ಚುತ್ತಿದ್ದ.